ಶಿಯಾನ್‌ನಲ್ಲಿ ಮೂರು ದಿನ: ಒಬ್ಬರೇ ಹೊರಟವರಿಗೆ

ಶಾಲೆಯ ಇತಿಹಾಸ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಒಬ್ಬ ಚೀನೀ ಯಾತ್ರಿಕ ಬರುತ್ತಿದ್ದ, ನೆನಪಿದೆಯಾ? ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋಗುವವನು. ಅವನು ಹೊರಟದ್ದು ಮತ್ತು ವಾಪಸ್ ಬಂದು ಸೇರಿದ್ದು ಚಾಂಗ್‌ಆನ್ ಎಂಬ ಊರಿಗೆ. ಆ ಚಾಂಗ್‌ಆನ್ ಇವತ್ತಿನ ಶಿಯಾನ್. ನಮ್ಮ ಪತ್ರಿಕೆಗಳಲ್ಲಿ ಕೆಲವೊಮ್ಮೆ 'ಕ್ಸಿಯಾನ್' ಅಂತ ಬರುತ್ತದೆ. ಅಲ್ಲಿ ಹೋಗಿ ಹಾಗಂದರೆ ಯಾರಿಗೂ ಗೊತ್ತಾಗುವುದಿಲ್ಲ. 'ಶೀ ಆನ್' ಅನ್ನಿ.

ಚೀನಾಕ್ಕೆ ಮೊದಲ ಸಲ, ಅದೂ ಒಬ್ಬರೇ ಹೋಗುವವರು ಸಾಮಾನ್ಯವಾಗಿ ಬೀಜಿಂಗ್ ಅಥವಾ ಶಾಂಘೈ ಅನ್ನುತ್ತಾರೆ. ನಾನು ಶಿಯಾನ್ ಅನ್ನುತ್ತೇನೆ. ಹಳೇ ಊರು ಒಂದು ಚೌಕಾಕಾರದ ಕೋಟೆಗೋಡೆಯ ಒಳಗಿದೆ, ನಟ್ಟನಡುವೆ ಒಂದು ಗಂಟೆ ಗೋಪುರವಿದೆ, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡ ಬೀದಿ. ದಾರಿ ತಪ್ಪಬೇಕು ಅಂದರೂ ಕಷ್ಟ. ಭಾಷೆ ಬಾರದ ಊರಿನಲ್ಲಿ ಒಂಟಿಯಾಗಿ ಓಡಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೂರು ಪೂರ್ತಿ ದಿನ ಇದ್ದರೆ ಸಾಕು. ಆದರೆ ಕೆಲಸದ ಅರ್ಧ ಪಾಲು ಮನೆಯಲ್ಲೇ ಮುಗಿಯಬೇಕು. ಅದನ್ನೇ ಮೊದಲು ಹೇಳುತ್ತೇನೆ.

ವೀಸಾ ಮೊದಲು, ಟಿಕೆಟ್ ಆಮೇಲೆ

ಹ್ಯೂಯೆನ್ ತ್ಸಾಂಗ್ 629ರ ಸುಮಾರಿಗೆ ಹೊರಟಾಗ ಗಡಿ ದಾಟಲು ಚಕ್ರವರ್ತಿಯ ಅಪ್ಪಣೆ ಇರಲಿಲ್ಲ. ಕದ್ದು ಹೋದ. ನಮಗೆ ಆ ಸೌಕರ್ಯ ಇಲ್ಲ.

2020ರಲ್ಲಿ ನಿಂತಿದ್ದ ಪ್ರವಾಸಿ ವೀಸಾವನ್ನು ಚೀನಾ 2025ರ ಜುಲೈ 24ರಿಂದ ಭಾರತೀಯರಿಗೆ ಮತ್ತೆ ಕೊಡಲು ಶುರು ಮಾಡಿತು. ಒಂದು ಎಚ್ಚರಿಕೆ: ಯೂಟ್ಯೂಬ್‌ನಲ್ಲಿ '240 ಗಂಟೆ ವೀಸಾ ಇಲ್ಲದೆ ಚೀನಾ' ಅಂತ ನೂರಾರು ವಿಡಿಯೋ ಇವೆ. ಆ ಸವಲತ್ತಿನ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಅದನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ಅರ್ಜಿಗೆ ಬೇಕಾಗುವುದು ಹೆಚ್ಚೇನಿಲ್ಲ. ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಬಿಳಿ ಹಿನ್ನೆಲೆಯ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ವಿಮಾನದ ಬುಕಿಂಗ್, ಯಾವ ದಿನ ಎಲ್ಲಿರುತ್ತೀರಿ ಅನ್ನುವ ಪಟ್ಟಿ. ಹೋಟೆಲನ್ನು ಹಣ ಕಟ್ಟದೆ ರದ್ದು ಮಾಡಬಹುದಾದ ಥರದಲ್ಲಿ ಬುಕ್ ಮಾಡಿ. ವಿಮಾನದ ಹಣವನ್ನೂ ವೀಸಾ ಕೈಗೆ ಬಂದ ಮೇಲೇ ಪೂರ್ತಿ ಕಟ್ಟುವುದು ಒಳ್ಳೆಯದು. ಫಾರ್ಮಿನಲ್ಲಿ ಹಳೇ ಪ್ರಯಾಣಗಳು, ಕೆಲಸ, ಅಪ್ಪ ಅಮ್ಮನ ವಿವರ ಎಲ್ಲ ಕೇಳುತ್ತಾರೆ. ಒಂದು ಸಂಜೆ ಅದಕ್ಕೇ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಹೋಗುವವರು ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಬೇಕು. 2025ರ ಅಕ್ಟೋಬರ್ ಕೊನೆಯಿಂದ ಕೋಲ್ಕತ್ತ–ಗ್ವಾಂಗ್‌ಜೌ ನೇರ ವಿಮಾನ ಮತ್ತೆ ಶುರುವಾಗಿದೆ. ಅಲ್ಲಿಂದ ಶಿಯಾನ್‌ಗೆ ಒಳನಾಡಿನ ವಿಮಾನ ಹಿಡಿಯಬಹುದು. ಬೀಜಿಂಗ್ ನೋಡಿಕೊಂಡು ಬರುವವರಿಗೆ ವೇಗದ ರೈಲಿದೆ. ನಾಲ್ಕೂವರೆಯಿಂದ ಆರು ಗಂಟೆಯಲ್ಲಿ ತಂದು ಬಿಡುತ್ತದೆ.

ತಿಂಗಳು ಯಾವುದು ಅಂದರೆ ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್. ಅಲ್ಲಿನ ಬೇಸಿಗೆಯಲ್ಲಿ (ಜೂನ್‌ನಿಂದ ಆಗಸ್ಟ್) ಬಳ್ಳಾರಿಯ ಬಿಸಿಲು, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ. ಆದರೆ ಮೇ ತಿಂಗಳ ಮೊದಲ ವಾರ, ಅಕ್ಟೋಬರ್ 1ರಿಂದ 7 ಮತ್ತು ಚೀನೀ ಹೊಸ ವರ್ಷ, ಈ ಮೂರನ್ನು ಬಿಟ್ಟುಬಿಡಿ. ಆಗ ಇಡೀ ದೇಶಕ್ಕೆ ರಜ. ದಸರಾ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರಿಗೆ ಅದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫೋನ್ ಸಿದ್ಧವಾಗದೆ ವಿಮಾನ ಹತ್ತಬೇಡಿ

ಒಬ್ಬರೇ ಹೋಗುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಚೀನಾದಲ್ಲಿ ಫೋನೇ ಪರ್ಸು, ಫೋನೇ ನಾಲಿಗೆ, ಫೋನೇ ನಕಾಶೆ. ಇಬ್ಬರು ಹೋದರೆ ಒಬ್ಬರ ಫೋನ್ ಕೈಕೊಟ್ಟರೂ ಇನ್ನೊಬ್ಬರದು ಇರುತ್ತದೆ. ನಿಮಗೆ ಹಾಗಿಲ್ಲ.

ಮೊದಲು ಇಂಟರ್ನೆಟ್. ಗೂಗಲ್, ವಾಟ್ಸಾಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಯಾವುದೂ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ. ಆದರೆ ನಮ್ಮ ಸಿಮ್ಮಿನ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ, ಅಥವಾ ಚೀನಾದ ಹೊರಗಿನ ಕಂಪನಿಯ ಇಸಿಮ್ (ಫೋನಿನೊಳಗೇ ಹಾಕಿಕೊಳ್ಳುವ ಡಿಜಿಟಲ್ ಸಿಮ್) ತೆಗೆದುಕೊಂಡರೆ, ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ. ಇಸಿಮ್ ತೆಗೆದುಕೊಂಡರೂ ನಮ್ಮ ಸಿಮ್ಮಿಗೆ ಎಸ್ಸೆಮ್ಮೆಸ್ ಬರುವಷ್ಟಾದರೂ ರೋಮಿಂಗ್ ಇರಲಿ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ.

ಎರಡನೆಯದು ಹಣ. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ, ಆದರೆ ಯುಪಿಐ ಬಳಸಿದವರಿಗೆ ಅಲ್ಲಿನ ವ್ಯವಸ್ಥೆ ಐದು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಹಣ ಕೊಡಲು ಅಲ್ಲಿನವರು ಬಳಸುವ ಅಲಿಪೇ ಮತ್ತು ವಿಚಾಟ್ ಆ್ಯಪ್ ಎರಡನ್ನೂ ಊರಿನಲ್ಲೇ ಹಾಕಿಕೊಳ್ಳಿ. ಪಾಸ್‌ಪೋರ್ಟ್ ಫೋಟೋ ಕೊಟ್ಟು ಗುರುತು ದೃಢಪಡಿಸಿಕೊಳ್ಳಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರುವ ಕಾರ್ಡ್ ಜೋಡಿಸಿ. ಬ್ಯಾಂಕಿನ ಆ್ಯಪಿಗೆ ಹೋಗಿ ವಿದೇಶಿ ವಹಿವಾಟು ತೆರೆದಿದೆಯೇ ನೋಡಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಜೋಡಿಸಿದರೆ ಇನ್ನೂ ಒಳ್ಳೆಯದು. ನನ್ನ ಒಂದು ಕಾರ್ಡನ್ನು ಬ್ಯಾಂಕಿನವರು ಮೊದಲ ದಿನವೇ ಅನುಮಾನದ ಮೇಲೆ ನಿಲ್ಲಿಸಿಬಿಟ್ಟರು. ನೂಡಲ್ಸ್ ತಿಂದು ಮುಗಿಸಿ ಹಣ ಕೊಡುವ ಹೊತ್ತಿಗೆ! ಎರಡನೇ ಕಾರ್ಡ್ ಮಾನ ಉಳಿಸಿತು.

ಅಲಿಪೇಯಲ್ಲಿ 200 ಯುವಾನ್ ದಾಟಿದ ಪ್ರತಿ ಪಾವತಿಗೆ 3% ಶುಲ್ಕ ಬೀಳುತ್ತದೆ. ಅದಕ್ಕಿಂತ ಕಡಿಮೆಯದಕ್ಕೆ ಇಲ್ಲ. ಒಂದು ಯುವಾನ್ ಅಂದರೆ ಸುಮಾರು 12–13 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. ಕೈಯಲ್ಲಿ 500 ಯುವಾನ್ ನಗದು ಇರಲಿ, ಅದೂ ಚಿಲ್ಲರೆ ನೋಟುಗಳಲ್ಲಿ. ನಗದು ಬೇಡ ಅನ್ನುವ ಹಾಗಿಲ್ಲ, ಆದರೆ ಚಿಲ್ಲರೆ ಇಲ್ಲ ಅನ್ನುತ್ತಾರೆ. ಈ ಮಾತು ನಮಗೆ ಹೊಸದಲ್ಲ.

ಮೂರನೆಯದು ದಾರಿ. ಚೀನಾದಲ್ಲಿ ಗೂಗಲ್ ಮ್ಯಾಪ್ ನಂಬಬೇಡಿ. ಚುಕ್ಕಿ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಇರುತ್ತದೆ. ಅಮಾಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಇದೆ. ಐಫೋನ್ ಇದ್ದರೆ ಅದರದೇ ಮ್ಯಾಪ್ ಸಾಕು. ಅನುವಾದದ ಆ್ಯಪಿನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಕ್ಯಾಮೆರಾ ಹಿಡಿದರೆ ಮೆನು ಓದಿ ಹೇಳುವಂತಿರಬೇಕು.

ಇಷ್ಟೆಲ್ಲ ಆದ ಮೇಲೆ, ಹೋಟೆಲಿನ ಹೆಸರು ಮತ್ತು ವಿಳಾಸವನ್ನು ಚೀನೀ ಲಿಪಿಯಲ್ಲಿ ಕಾಗದದ ಮೇಲೆ ಮುದ್ರಿಸಿ ಜೇಬಿನಲ್ಲಿಡಿ. ಫೋನ್ ಸತ್ತ ದಿನ ಆ ಒಂದು ಹಾಳೆಯೇ ನಿಮ್ಮನ್ನು ಹೋಟೆಲ್ ಸೇರಿಸುತ್ತದೆ.

ನಾಲ್ಕು ಪದ ಕಲಿತರೆ ಊರು ಅರ್ಥವಾಗುತ್ತದೆ

ಚೀನೀ ಭಾಷೆ ಕಲಿಯಲು ಆಗುವುದಿಲ್ಲ, ಬಿಡಿ. ಆದರೆ ನಾಲ್ಕು ದಿಕ್ಕು ಕಲಿಯಿರಿ. ದೋಂಗ್ ಅಂದರೆ ಪೂರ್ವ, ಶೀ ಪಶ್ಚಿಮ, ನಾನ್ ದಕ್ಷಿಣ, ಬೇ ಉತ್ತರ. ಬೀಜಿಂಗ್ ಅಂದರೆ ಉತ್ತರದ ರಾಜಧಾನಿ, ನಾನ್‌ಜಿಂಗ್ ದಕ್ಷಿಣದ ರಾಜಧಾನಿ, ಶಿಯಾನ್ ಅಂದರೆ ಪಶ್ಚಿಮದ ಶಾಂತಿ. ಇದರ ಜೊತೆ 'ಮೆನ್' ಅಂದರೆ ಬಾಗಿಲು, 'ದಾಜ್ಯೆ' ಅಂದರೆ ದೊಡ್ಡ ಬೀದಿ. ಈಗ ನೋಡಿ: ನಾನ್‌ಮೆನ್ ಕೋಟೆಯ ದಕ್ಷಿಣದ ಬಾಗಿಲು. ಬೇದಾಜ್ಯೆ ಉತ್ತರದ ದೊಡ್ಡ ಬೀದಿ. ಮೆಟ್ರೋದಲ್ಲಿ ಅನೌನ್ಸ್‌ಮೆಂಟ್ ಕೇಳಿದರೆ ಸಾಕು, ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಇದು ಬರೀ ಮಜಾಕ್ಕೆ ಹೇಳಿದ್ದಲ್ಲ. ಊರಿಗೆ ಹಲವು ರೈಲು ನಿಲ್ದಾಣಗಳಿವೆ. ಹಳೆಯದು 'ಶಿಯಾನ್', ಕೋಟೆಗೋಡೆಯ ಉತ್ತರಕ್ಕೆ ಅಂಟಿಕೊಂಡ ಹಾಗಿದೆ. ವೇಗದ ರೈಲುಗಳು ಹೆಚ್ಚಾಗಿ ಬರುವುದು 'ಶಿಯಾನ್ ಬೇ'ಗೆ, ಅದು ಊರಿಂದ ದೂರ. ಟಿಕೆಟ್‌ನಲ್ಲಿ 'ಬೇ' ಇದೆಯೋ ಇಲ್ಲವೋ ನೋಡದೆ ಹೋದರೆ ರೈಲು ತಪ್ಪುತ್ತದೆ. ಇನ್ನೊಂದು ಗೊಂದಲ ವಿಮಾನ ನಿಲ್ದಾಣದ್ದು. ಅದು ಇರುವುದು ಶಿಯಾನ್‌ಯಾಂಗ್ ಎಂಬ ಪಕ್ಕದ ಊರಿನ ಕಡೆ. ಹೋಟೆಲ್ ಹುಡುಕುವಾಗ 'ಶಿಯಾನ್‌ಯಾಂಗ್' ಅಂತ ಬಂದರೆ ಅಗ್ಗ ಅಂತ ಒತ್ತಬೇಡಿ.

ಎಲ್ಲಿ ಉಳಿಯಬೇಕು, ಹೇಗೆ ತಲುಪಬೇಕು

ಗೋಡೆಯ ಒಳಗೆ ಉಳಿಯಿರಿ. ಗಂಟೆ ಗೋಪುರದ ಸುತ್ತ, ಅಥವಾ ದಕ್ಷಿಣ ಬಾಗಿಲಿನ ಹತ್ತಿರ. ಮೆಟ್ರೋ 2ನೇ ಲೈನಿನಲ್ಲಿ ಝೋಂಗ್‌ಲೋ (ಗಂಟೆ ಗೋಪುರ) ಅಥವಾ ಯೋಂಗ್‌ನಿಂಗ್‌ಮೆನ್ (ದಕ್ಷಿಣ ಬಾಗಿಲು) ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿರಲಿ. ಒಂಟಿ ಪ್ರವಾಸಿಗೆ ಹಾಸ್ಟೆಲ್ ಒಳ್ಳೆಯದು, ಯಾಕೆಂದರೆ ಅಲ್ಲಿ ಇಂಗ್ಲಿಷ್ ಬರುವ ಒಬ್ಬರಾದರೂ ಇರುವ ಸಾಧ್ಯತೆ ಜಾಸ್ತಿ. ಬುಕ್ ಮಾಡುವ ಮೊದಲು ವಿದೇಶಿಯರನ್ನು ಸೇರಿಸಿಕೊಳ್ಳುತ್ತಾರಾ ಅಂತ ಕೇಳಿ. ಸಣ್ಣ ಹೋಟೆಲಿನವರು ಕೆಲವೊಮ್ಮೆ ಬಾಗಿಲಲ್ಲೇ ಕೈ ಆಡಿಸಿಬಿಡುತ್ತಾರೆ. ಹೋಟೆಲಿನವರು ಪಾಸ್‌ಪೋರ್ಟ್ ನೋಡಿ ಪೊಲೀಸರಿಗೆ ವಿವರ ಕಳಿಸುತ್ತಾರೆ. ಸ್ನೇಹಿತರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ಠಾಣೆಗೆ ಹೋಗಿ ಬರೆಸಬೇಕು.

ವಿಮಾನ ನಿಲ್ದಾಣದಿಂದ ಊರಿನ ನಡುಭಾಗ ಸುಮಾರು 40 ಕಿಲೋಮೀಟರ್. ಮೆಟ್ರೋ 14ನೇ ಲೈನ್ ಹಿಡಿದು ಉತ್ತರ ರೈಲು ನಿಲ್ದಾಣಕ್ಕೆ ಬನ್ನಿ, ಅಲ್ಲಿ 2ನೇ ಲೈನಿಗೆ ಬದಲಿಸಿ. ನಮ್ಮ ಗಡಿಯಾರಕ್ಕೆ ಎರಡೂವರೆ ಗಂಟೆ ಸೇರಿಸಿಕೊಳ್ಳಿ. ಮೆಟ್ರೋ ಟಿಕೆಟ್ 2 ಯುವಾನ್‌ನಿಂದ ಶುರು. ಅಲಿಪೇಯಲ್ಲೇ ಶಿಯಾನ್ ಮೆಟ್ರೋದ ಕೋಡ್ ತೆರೆದುಕೊಂಡರೆ ಗೇಟಿಗೆ ತೋರಿಸಿ ಒಳಗೆ ಹೋಗಬಹುದು. ಪ್ರತಿ ನಿಲ್ದಾಣದಲ್ಲೂ ಬ್ಯಾಗ್ ತಪಾಸಣೆ ಇದೆ.

ಮೊದಲ ದಿನ: ಗೋಡೆಯ ಒಳಗೆ

ಮೊದಲ ದಿನ ದೂರ ಹೋಗಬೇಡಿ. ಬೆಳಿಗ್ಗೆ ಬೇಲಿನ್‌ಗೆ ಹೋಗಿ. ಬೇಲಿನ್ ಅಂದರೆ ಕಲ್ಲುಶಾಸನಗಳ ಕಾಡು. ದಕ್ಷಿಣ ಬಾಗಿಲಿನಿಂದ ಗೋಡೆಯ ಒಳಮಗ್ಗುಲಲ್ಲೇ ಪೂರ್ವಕ್ಕೆ ನಡೆದರೆ ಸಿಗುತ್ತದೆ. ದಾರಿಯಲ್ಲಿ ಕುಂಚ, ಶಾಯಿ, ಕಾಗದ ಮಾರುವ ಅಂಗಡಿಗಳ ಬೀದಿ. 1087ರಲ್ಲಿ ಶುರುವಾದ ಸಂಗ್ರಹ ಇದು. ಮುದ್ರಣ ಇನ್ನೂ ಹರಡದ ಕಾಲದಲ್ಲಿ ಓದುವವರು ತಪ್ಪು ನಕಲು ಮಾಡಿಕೊಳ್ಳಬಾರದು ಅಂತ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೇ ಪೂರ್ತಿ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆ ಕೆಲಸ ಮುಗಿದದ್ದು 837ರಲ್ಲಿ. 781ರ ಒಂದು ಕಲ್ಲಿನಲ್ಲಿ ಕ್ರೈಸ್ತ ಧರ್ಮ ಚೀನಾಕ್ಕೆ ಬಂದ ಕಥೆ ಇದೆ, ಚೀನೀ ಜೊತೆ ಪಶ್ಚಿಮ ಏಷ್ಯಾದ ಸಿರಿಯಾಕ್ ಲಿಪಿಯಲ್ಲೂ.

ಅಕ್ಷರ ಓದಲು ಬಾರದವರಿಗೆ ಇದರಲ್ಲಿ ಏನಿದೆ ಅನ್ನಬೇಡಿ. ಕಲ್ಲಿನ ಮೇಲೆ ಒದ್ದೆ ಕಾಗದ ಅಂಟಿಸಿ, ಶಾಯಿಯ ಗುಂಡಿಯಿಂದ ಟಪ ಟಪ ತಟ್ಟಿ ಅಚ್ಚು ತೆಗೆಯುವುದನ್ನು ಇಲ್ಲಿ ನೋಡಬಹುದು. ನಮ್ಮ ಶಾಸನ ತಜ್ಞರು ಊರೂರು ಅಲೆದು ಪಡಿಯಚ್ಚು ತೆಗೆಯುತ್ತಾರಲ್ಲ, ಅದೇ ಕೆಲಸ. ಬಹಳ ಜನ ಇದನ್ನು ಬಿಟ್ಟು ನೇರ ತಿಂಡಿ ಬೀದಿಗೆ ಓಡುತ್ತಾರೆ. ಅವರ ನಷ್ಟ.

ಮಧ್ಯಾಹ್ನ ಗಂಟೆ ಗೋಪುರ, ನಗಾರಿ ಗೋಪುರ. ಗಂಟೆಯದ್ದು 1384ರದು, ನಗಾರಿಯದ್ದು 1380ರದು. ಹೊರಗಿನಿಂದ ನೋಡಿದರೂ ಸಾಕು. ನಗಾರಿ ಗೋಪುರದ ಕೆಳಗಿನ ಕಮಾನು ದಾಟಿದರೆ ಹುಯ್ ಮುಸ್ಲಿಮರ ಬಡಾವಣೆ. ಮುಖ್ಯ ಬೀದಿ ಪೂರ್ತಿ ಪ್ರವಾಸಿಗರದ್ದು. ಕೂಗಾಟ, ಹೊಗೆ, ಕಡ್ಡಿಗೆ ಚುಚ್ಚಿದ ಮಾಂಸ, ನೂಕುನುಗ್ಗಲು. ಹತ್ತು ನಿಮಿಷ ನೋಡಿ ಪಕ್ಕದ ಸಂದಿಗೆ ತಿರುಗಿ. ಊರಿನವರು ತಿನ್ನುವುದು ಅಲ್ಲಿ.

ಸಂದಿಗಳ ಒಳಗೇ ದೊಡ್ಡ ಮಸೀದಿ ಇದೆ. 742ರಲ್ಲಿ ಶುರುವಾದದ್ದು ಅನ್ನುತ್ತಾರೆ. ಈಗ ಕಾಣುವ ಕಟ್ಟಡಗಳು ಬಹುಪಾಲು ಮಿಂಗ್ ವಂಶದ ಕಾಲದವು (1368–1644). ಗುಮ್ಮಟ ಇಲ್ಲ, ಎತ್ತರದ ಮಿನಾರ್ ಇಲ್ಲ. ಒಂದಾದ ಮೇಲೊಂದು ಅಂಗಳ, ಮರದ ಕಮಾನು, ಮೇಲಕ್ಕೆ ಬಾಗಿದ ಹೆಂಚಿನ ಸೂರು. ಚೀನೀ ದೇವಸ್ಥಾನದ ಹಾಗೇ ಕಾಣುತ್ತದೆ. ಪ್ರಾರ್ಥನೆಯ ಮಂಟಪದೊಳಗೆ ಮುಸ್ಲಿಮರಲ್ಲದವರು ಹೋಗುವ ಹಾಗಿಲ್ಲ, ಅಂಗಳದಲ್ಲಿ ಕೂರಬಹುದು. ಇಡೀ ಊರಿನಲ್ಲಿ ಸುಮ್ನೆ ಕೂರಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ.

ಸಂಜೆ ನಾಲ್ಕೂವರೆ ಐದರ ಹೊತ್ತಿಗೆ ದಕ್ಷಿಣ ಬಾಗಿಲಿನಿಂದ ಗೋಡೆ ಹತ್ತಿ. ಟಿಕೆಟ್ 54 ಯುವಾನ್. ಈ ಗೋಡೆ 1370ರ ದಶಕದಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ ಎದ್ದದ್ದು. ಎತ್ತರ 12 ಮೀಟರ್. ಮೇಲಿನ ಅಗಲವೂ 12ರಿಂದ 14 ಮೀಟರ್, ಅಂದರೆ ನಮ್ಮ ಎಷ್ಟೋ ಮುಖ್ಯರಸ್ತೆಗಳಿಗಿಂತ ಅಗಲ. ಸುತ್ತಳತೆ 13.7 ಕಿಲೋಮೀಟರ್.

ಇಲ್ಲಿ ಮಾಡಬೇಕಾದ್ದು ಒಂದೇ: ಬಾಡಿಗೆ ಸೈಕಲ್. ಮೇಲೆಯೇ ಸಿಗುತ್ತದೆ. ಠೇವಣಿ ಇಟ್ಟುಕೊಳ್ಳುತ್ತಾರೆ. ಒಂದು ಬಾಗಿಲಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು, ಹಾಗಾಗಿ ಅರ್ಧಕ್ಕೇ ಸಾಕಾದರೂ ಚಿಂತೆಯಿಲ್ಲ. ಪೂರ್ತಿ ಸುತ್ತಲು ಒಂದೂವರೆಯಿಂದ ಎರಡು ಗಂಟೆ ಬೇಕು. ನೆಲ ಹಳೇ ಇಟ್ಟಿಗೆಯದು, ಸಮ ಇಲ್ಲ. ಕೂರುವ ಜಾಗಕ್ಕೆ ಮರುದಿನವೂ ನೆನಪಿರುತ್ತದೆ. ನೆರಳು ಎಲ್ಲೂ ಇಲ್ಲ, ಅದಕ್ಕೇ ಸಂಜೆ ಅಂದದ್ದು. ಸೈಕಲ್ ಕೌಂಟರ್ ಗೋಡೆಗಿಂತ ಮೊದಲೇ ಮುಚ್ಚುತ್ತದೆ, ಹತ್ತುವಾಗಲೇ ಸಮಯ ಕೇಳಿಕೊಳ್ಳಿ. ಮಳೆ ಬಂದರೆ ಬಾಡಿಗೆ ನಿಲ್ಲಿಸುತ್ತಾರೆ.

ಪಶ್ಚಿಮದ ಬಾಗಿಲಿನ ಹತ್ತಿರ ಬಂದಾಗ ಒಂದು ನಿಮಿಷ ನಿಲ್ಲಿ. ಗೋಡೆಯ ಒಂದು ಕಡೆ ತಗ್ಗು ಮನೆಗಳ ಹೆಂಚಿನ ಸೂರು, ಇನ್ನೊಂದು ಕಡೆ ಮೂವತ್ತು ಮಹಡಿಯ ಕಟ್ಟಡಗಳು. ರೇಷ್ಮೆ ದಾರಿಯ ಒಂಟೆಗಳು ಹೊರಟದ್ದು ಈ ದಿಕ್ಕಿಗೇ. ಆದರೆ ಆಗಿನ, ಅಂದರೆ ಹ್ಯೂಯೆನ್ ತ್ಸಾಂಗ್ ಇದ್ದ ಟಾಂಗ್ ವಂಶದ ಕಾಲದ ಚಾಂಗ್‌ಆನ್ ಈ ಗೋಡೆಯೊಳಗಿನ ಊರಿಗಿಂತ ಎಷ್ಟೋ ಪಟ್ಟು ದೊಡ್ಡದು. ಇದು ಅದರ ಒಂದು ಭಾಗ ಅಷ್ಟೇ.

ಎರಡನೇ ದಿನ: ಮಣ್ಣಿನ ಸೈನಿಕರು

ಶಿಯಾನ್ ಅಂದರೆ ಎಲ್ಲರಿಗೂ ಇವರೇ. ಊರಿನಿಂದ ಪೂರ್ವಕ್ಕೆ 35–40 ಕಿಲೋಮೀಟರ್ ದೂರದ ಲಿಂಟೋಂಗ್‌ನಲ್ಲಿದ್ದಾರೆ. ಟಿಕೆಟನ್ನು ಮೊದಲೇ ಪಾಸ್‌ಪೋರ್ಟ್ ನಂಬರ್ ಕೊಟ್ಟು ಆನ್‌ಲೈನಲ್ಲಿ ಮಾಡಿಸಿ. 120 ಯುವಾನ್. ಆ ದಿನ ಮೂಲ ಪಾಸ್‌ಪೋರ್ಟ್ ಜೊತೆಗಿರಬೇಕು. ಜೆರಾಕ್ಸ್ ನಡೆಯುವುದಿಲ್ಲ.

ಹೋಗುವ ಕ್ರಮ ಹೀಗೆ. ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಡಿ. ಮೆಟ್ರೋ 2ರಲ್ಲಿ ಬೇದಾಜ್ಯೆಗೆ, ಅಲ್ಲಿ 1ನೇ ಲೈನಿಗೆ ಬದಲಿಸಿ ಫಾಂಗ್‌ಝಿಚೆಂಗ್‌ಗೆ, ಅಲ್ಲಿಂದ 9ನೇ ಲೈನಿನಲ್ಲಿ ಹ್ವಾಚಿಂಗ್‌ಚಿ ನಿಲ್ದಾಣಕ್ಕೆ. ಇಳಿದ ಮೇಲೆ ಬಸ್ ಅಥವಾ ಟ್ಯಾಕ್ಸಿ. ಟ್ಯಾಕ್ಸಿಯನ್ನು ಅಲಿಪೇಯೊಳಗಿರುವ ದೀದಿಯಲ್ಲಿ (ಊಬರ್ ಥರದ್ದು) ಕರೆಯಿರಿ. ರೇಟು ಮೊದಲೇ ಗೊತ್ತಾಗುತ್ತದೆ, ಚೌಕಾಸಿ ಬೇಡ. ದಾರಿಯಲ್ಲಿ, ನಿಲ್ದಾಣದ ಹೊರಗೆ, ಬೋರ್ಡ್ ಹಿಡಿದು 'ಬಿಂಗ್‌ಮಾಯೋಂಗ್, ಬಿಂಗ್‌ಮಾಯೋಂಗ್' (ಮಣ್ಣಿನ ಸೈನಿಕರು) ಅಂತ ಕೂಗುವವರ ಹಿಂದೆ ಹೋಗಬೇಡಿ. ನಡುವೆ ಒಂದು ನಕಲಿ ಗೊಂಬೆಗಳ ಪ್ರದರ್ಶನ, ಒಂದು ಪಚ್ಚೆಕಲ್ಲಿನ ಅಂಗಡಿ, ಎಲ್ಲ ಸುತ್ತಿಸಿ ಮಧ್ಯಾಹ್ನ ಮಾಡುತ್ತಾರೆ.

1974ರ ಮಾರ್ಚ್‌ನಲ್ಲಿ ಇಲ್ಲಿನ ರೈತರು ಬಾವಿ ತೋಡುತ್ತಿದ್ದರು. ನೀರಿನ ಬದಲು ಮಣ್ಣಿನ ತಲೆ ಸಿಕ್ಕಿತು. ಕ್ರಿಸ್ತಪೂರ್ವ 221ರಲ್ಲಿ ಚೀನಾವನ್ನು ಒಂದು ಮಾಡಿದ ಚಿನ್ ಶಿ ಹ್ವಾಂಗ್ ತನ್ನ ಸಮಾಧಿಯ ಕಾವಲಿಗೆ ಮಾಡಿಸಿಟ್ಟ ಸೈನ್ಯ ಅದು. ಒಟ್ಟು 8,000 ಸೈನಿಕರು ಇರಬಹುದು ಅನ್ನುವುದು ಅಂದಾಜು. ಬಹುಪಾಲು ಇನ್ನೂ ಮಣ್ಣಿನೊಳಗೇ ಇದ್ದಾರೆ. ಅಗೆಯದಿರಲು ಕಾರಣವೂ ಇದೆ. ಈ ಸೈನಿಕರಿಗೆ ಮೊದಲು ಕೆಂಪು, ಹಸಿರು, ನೇರಳೆ ಬಣ್ಣ ಇತ್ತು. ಮಣ್ಣಿಂದ ಹೊರಬಂದು ಗಾಳಿಗೆ ಒಣಗಿದರೆ ಕೆಲವೇ ನಿಮಿಷದಲ್ಲಿ ಆ ಬಣ್ಣ ಸುರುಳಿಯಾಗಿ ಉದುರುತ್ತದೆ.

ಮೂರು ಗುಂಡಿಗಳಿವೆ. 'ದೊಡ್ಡದನ್ನು ಕೊನೆಗೆ ನೋಡಿ' ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಾಗಿಲು ತೆಗೆದ ತಕ್ಷಣ ನೇರ ಒಂದನೇ ಗುಂಡಿಗೆ ಹೋಗಿ. 230 ಮೀಟರ್ ಉದ್ದ, 62 ಮೀಟರ್ ಅಗಲ. ಅರ್ಧ ಗಂಟೆ ತಡವಾದರೂ ಮುಂದಿನ ಕಟಕಟೆಯಲ್ಲಿ ಐದು ಸಾಲು ಜನ, ಎಲ್ಲರ ಕೈಯಲ್ಲೂ ಮೇಲೆತ್ತಿದ ಫೋನ್. ಮುಂದೆ ಜಾಗ ಸಿಗದಿದ್ದರೆ ಜಗಳ ಬೇಡ, ಬದಿಯ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಹಿಂಭಾಗದಲ್ಲಿ ತುಂಡು ತುಂಡಾದ ಸೈನಿಕರನ್ನು ಜೋಡಿಸುವ ಜಾಗ ಇದೆ. ಒಬ್ಬನಿಗೆ ತಲೆ ಇಲ್ಲ, ಇನ್ನೊಬ್ಬನ ಸೊಂಟಕ್ಕೆ ಪಟ್ಟಿ ಕಟ್ಟಿದ್ದಾರೆ. ಯಾರೋ ಕೂತು ಒಂದೊಂದೇ ಚೂರು ಹೊಂದಿಸುತ್ತಿರುತ್ತಾರೆ. ಸಾಲಾಗಿ ನಿಂತ ಸಾವಿರ ಜನಕ್ಕಿಂತ ನನಗೆ ಹಿಡಿಸಿದ್ದು ಈ ಆಸ್ಪತ್ರೆ.

ಮೂರನೇ ಗುಂಡಿ ಚಿಕ್ಕದು, ಸೇನಾಧಿಕಾರಿಗಳ ಠಾಣೆ. ಎರಡನೆಯದು ಹೆಚ್ಚಾಗಿ ಮುಚ್ಚಿದ ಮಣ್ಣು. ಆದರೆ ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿರುವ ಮಂಡಿಯೂರಿದ ಬಿಲ್ಲುಗಾರನನ್ನು ಹತ್ತಿರದಿಂದ ನೋಡಿ. ಅವನ ಚಪ್ಪಲಿಯ ಅಡಿಯ ಹೊಲಿಗೆ ಕೂಡ ಕೆತ್ತಿದ್ದಾರೆ. ಕಂಚಿನ ರಥಗಳು ಈಗ ಇಲ್ಲಿಲ್ಲ. 2021ರಲ್ಲಿ ಸಮಾಧಿ ದಿಬ್ಬದ ಹತ್ತಿರದ ಹೊಸ ಮ್ಯೂಸಿಯಂಗೆ ಹೋಗಿವೆ. ಅದೇ ಟಿಕೆಟ್‌ನಲ್ಲಿ, ಉಚಿತ ಬಸ್ಸಿನಲ್ಲಿ ಹೋಗಬಹುದು. ಸಮಾಧಿಯನ್ನು ಮಾತ್ರ ಇಲ್ಲಿಯವರೆಗೂ ತೆರೆದಿಲ್ಲ. ಕಾಣುವುದು ಮರ ಬೆಳೆದ ಒಂದು ಗುಡ್ಡ.

ಸಸ್ಯಾಹಾರಿಗಳ ಹೊಟ್ಟೆಪಾಡು

ಚೀನಾದಲ್ಲಿ ಸಸ್ಯಾಹಾರಿಗೆ ಏನೂ ಸಿಗುವುದಿಲ್ಲ ಅನ್ನುವ ಮಾತು ಶಿಯಾನ್‌ನಲ್ಲಿ ಪೂರ್ತಿ ನಿಜವಲ್ಲ. ಇದು ಅಕ್ಕಿಯ ನಾಡಲ್ಲ, ಗೋಧಿಯ ನಾಡು.

ಮೊದಲು ಕೇಳಬೇಕಾದ್ದು ಲ್ಯಾಂಗ್‌ಪಿ. ತಣ್ಣಗಿನ ಅಗಲ ನೂಡಲ್ಸ್‌ಗೆ ಸೌತೆಕಾಯಿ, ವಿನೆಗರ್, ಬೆಳ್ಳುಳ್ಳಿ ನೀರು, ಖಾರದೆಣ್ಣೆ. ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಎರಡನೆಯದು ಬ್ಯಾಂಗ್‌ಬ್ಯಾಂಗ್ ನೂಡಲ್ಸ್. ಬೆಲ್ಟಿನಷ್ಟು ಅಗಲ, ಹಿಟ್ಟನ್ನು ಮೇಜಿಗೆ ಬಡಿದು ಎಳೆಯುತ್ತಾರೆ. ಇದರಲ್ಲಿ 'ಯೋಪೋ' ಅನ್ನುವುದನ್ನು ಕೇಳಿ. ಬೆಂದ ನೂಡಲ್ಸ್ ಮೇಲೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಇಟ್ಟು, ಅದರ ಮೇಲೆ ಕಾದ ಎಣ್ಣೆ ಸುರಿಯುತ್ತಾರೆ. ಚುಂಯ್ ಅನ್ನುವ ಸದ್ದು, ಆ ಘಾಟು! ಒಗ್ಗರಣೆ ನಮ್ಮದು ಮಾತ್ರ ಅಂದುಕೊಂಡಿದ್ದೆ.

'ವೋ ಚ್ರ್ ಸೂ' ಅಂದರೆ ನಾನು ಸಸ್ಯಾಹಾರಿ. 'ಬು ಯಾವ್ ರೋ' ಅಂದರೆ ಮಾಂಸ ಬೇಡ. ಆದರೆ ಬಾಯಲ್ಲಿ ಹೇಳುವುದರ ಮೇಲೆ ಭರವಸೆ ಇಡಬೇಡಿ, ಸ್ವರ ತಪ್ಪಿದರೆ ಅರ್ಥ ತಪ್ಪುತ್ತದೆ. 'ಮಾಂಸ, ಮೀನು, ಹಂದಿಯ ಕೊಬ್ಬು, ಮಾಂಸದ ಸಾರು, ಯಾವುದೂ ಬೇಡ' ಅಂತ ಚೀನೀಯಲ್ಲಿ ಬರೆದ ಚೀಟಿ ಮಾಡಿಕೊಂಡು ತೋರಿಸಿ. ಬರೀ ಮಾಂಸ ಬೇಡ ಅಂದರೆ ತುಂಡು ತೆಗೆದು ಸಾರು ಬಿಡುತ್ತಾರೆ. ಮೊಟ್ಟೆ ತಿನ್ನುವವರಿಗೆ ಟೊಮೆಟೊ–ಮೊಟ್ಟೆ ಪಲ್ಯ ಎಲ್ಲ ಕಡೆ ಸಿಗುತ್ತದೆ.

ಮಾಂಸ ತಿನ್ನುವವರಿಗೆ ಹೇಳಬೇಕಾದ್ದು ಎರಡೇ. ಒಂದು ರೋಜ್ಯಾಮೋ, ಬಿಸಿ ರೊಟ್ಟಿಯೊಳಗೆ ಕೊಚ್ಚಿದ ಮಾಂಸ. ಇನ್ನೊಂದು ಯಾಂಗ್‌ರೋ ಪಾವ್‌ಮೋ. ನಿಮ್ಮ ಮುಂದೆ ಬಟ್ಟಲು, ಗಟ್ಟಿ ರೊಟ್ಟಿ ಇಡುತ್ತಾರೆ. ಕಡಲೆ ಕಾಳಿನಷ್ಟು ಸಣ್ಣದಾಗಿ ನೀವೇ ಚೂರು ಮಾಡಬೇಕು. ಆಮೇಲೆ ಒಳಗೆ ಒಯ್ದು ಕುರಿಮಾಂಸದ ಸಾರು ಹಾಕಿ ತರುತ್ತಾರೆ. ಒಬ್ಬರೇ ಕೂತಾಗ ಹೊತ್ತು ಹೋಗಲು ಒಳ್ಳೆಯ ಕೆಲಸ. ಹಂದಿ ತಿನ್ನದವರು ಮುಸ್ಲಿಂ ಬಡಾವಣೆಯಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು. 'ಚಿಂಗ್‌ಜೆನ್' (ಹಲಾಲ್) ಅಂತ ಹಸಿರು ಬೋರ್ಡ್ ಇರುತ್ತದೆ. ಸಿಹಿಗೆ ಪರ್ಸಿಮನ್ ಹಣ್ಣಿನ ಕರಿದ ಬಿಲ್ಲೆ, ಕುಡಿಯಲು ದಾಳಿಂಬೆ ರಸ.

ಬಿಸಿನೀರು ಹೋಟೆಲ್, ರೈಲು, ನಿಲ್ದಾಣ ಎಲ್ಲ ಕಡೆ ಪುಕ್ಕಟೆ. ಒಂದು ಥರ್ಮಾಸ್, ನಾಲ್ಕು ಪೊಟ್ಟಣ ಬಿಸಿನೀರು ಹಾಕಿ ತಿನ್ನುವ ಉಪ್ಪಿಟ್ಟು, ಸ್ವಲ್ಪ ಚಟ್ನಿಪುಡಿ ಇದ್ದರೆ ಯಾವ ರಾತ್ರಿಯೂ ಉಪವಾಸ ಇಲ್ಲ. ಹಣ್ಣು, ತರಕಾರಿ, ಬೀಜ, ಮಾಂಸ, ಹಾಲಿನ ಪದಾರ್ಥ ಒಯ್ಯಬೇಡಿ. ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ. ಅಮ್ಮ ಕೊಟ್ಟ ತುಪ್ಪದ ಡಬ್ಬಿಯೂ ಅದರಲ್ಲಿ ಸೇರುತ್ತದೆ.

ಮೂರನೇ ದಿನ: ಹ್ಯೂಯೆನ್ ತ್ಸಾಂಗ್‌ನ ಮನೆಗೆ

ಬೆಳಿಗ್ಗೆ ಮ್ಯೂಸಿಯಂ. ಶಾನ್‌ಶಿ ಇತಿಹಾಸ ಮ್ಯೂಸಿಯಂನ ಸಾಮಾನ್ಯ ಪ್ರವೇಶ ಉಚಿತ. ಅದೇ ತೊಂದರೆ. ದಿನಗಳ ಮುಂಚೆ ಪಾಸ್‌ಪೋರ್ಟ್ ಹಾಕಿ ಆನ್‌ಲೈನಲ್ಲಿ ಕಾದಿರಿಸಬೇಕು, ತೆರೆದ ಸ್ವಲ್ಪ ಹೊತ್ತಿಗೇ ಖಾಲಿ. ಸಿಕ್ಕರೆ ಬಿಡಬೇಡಿ. 1970ರಲ್ಲಿ ಹೆಜ್ಯಾ ಹಳ್ಳಿಯಲ್ಲಿ ಸಿಕ್ಕ ಟಾಂಗ್ ಕಾಲದ ಬಂಗಾರ ಬೆಳ್ಳಿಯ ನಿಧಿ ಅಲ್ಲಿದೆ. ಸಿಗದಿದ್ದರೆ ಅಳಬೇಡಿ, ಶಿಯಾನ್ ಮ್ಯೂಸಿಯಂಗೆ ಹೋಗಿ. ಅದರ ಆವರಣದಲ್ಲೇ ಚಿಕ್ಕ ಕಾಡುಬಾತು ಗೋಪುರ ಇದೆ. 15 ಅಂತಸ್ತು ಇದ್ದದ್ದು, 1556ರ ಭೂಕಂಪದ ನಂತರ ಈಗ 13. ಜನ ಕಡಿಮೆ, ಮರ ಜಾಸ್ತಿ. ಮೊದಲನೆಯದಕ್ಕೆ ಸೋಮವಾರ ರಜ, ಎರಡನೆಯದಕ್ಕೆ ಮಂಗಳವಾರ.

ಮಧ್ಯಾಹ್ನದ ಮೇಲೆ ಮೆಟ್ರೋ 3 ಅಥವಾ 4ರಲ್ಲಿ ದಾಯಾನ್‌ತಾ ನಿಲ್ದಾಣ. ದೊಡ್ಡ ಕಾಡುಬಾತು ಗೋಪುರ ಇಲ್ಲಿದೆ. 645ರಲ್ಲಿ ಹ್ಯೂಯೆನ್ ತ್ಸಾಂಗ್ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಭಾರತದಿಂದ ಬಂದ. ಅವನ್ನು ಬೆಂಕಿಯಿಂದ ಕಾಪಾಡಲು 652ರಲ್ಲಿ ಈ ಗೋಪುರ ಕಟ್ಟಿಸಿದರು. ಆಗ ಐದು ಅಂತಸ್ತು, ಆಮೇಲೆ ಬದಲಾಗಿ ಈಗ ಏಳು, ಎತ್ತರ 64 ಮೀಟರ್. ದೇವಸ್ಥಾನಕ್ಕೆ ಒಂದು ಟಿಕೆಟ್, ಗೋಪುರ ಹತ್ತಲು ಇನ್ನೊಂದು.

ಇಲ್ಲಿ 'ಹ್ಯೂಯೆನ್ ತ್ಸಾಂಗ್' ಅಂದರೂ ತಿಳಿಯದು. 'ಶ್ವೆನ್‌ಜಾಂಗ್' ಅನ್ನಿ. ಇವನು ಬರೆದಿಟ್ಟದ್ದರಲ್ಲಿ ನಮ್ಮ ಪುಲಕೇಶಿ ಇದ್ದಾನೆ. ಆ ನಾಡಿನ ಜನ ಮಾನಿಗಳು, ಉಪಕಾರ ಮರೆಯರು, ಅವಮಾನ ಮಾಡಿದವರನ್ನು ಬಿಡರು, ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ, ಹರ್ಷನಿಗೂ ಇವರನ್ನು ಮಣಿಸಲು ಆಗಲಿಲ್ಲ ಅಂತ ಬರೆದಿದ್ದಾನೆ. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಹರ್ಷನ ಸೋಲನ್ನು ಬರೆದದ್ದು 634ರಲ್ಲಿ. ಅರಮನೆಯ ಕವಿ ಹೊಗಳಿದ್ದನ್ನು ಅರ್ಧ ನಂಬಬಹುದು. ದೂರದ ಭಿಕ್ಷುವೂ ಅದನ್ನೇ ಹೇಳಿದರೆ ಪೂರ್ತಿ ನಂಬಬೇಕಾಗುತ್ತದೆ, ಅಲ್ವಾ? ಐಹೊಳೆ ನೋಡಿದವರು ಇಲ್ಲಿಗೆ ಬಂದರೆ ಒಂದು ಲೆಕ್ಕ ಚುಕ್ತಾ ಆದ ಹಾಗೆ.

ಗೋಪುರದ ಬುಡದಲ್ಲಿ ದಕ್ಷಿಣದ ಬಾಗಿಲಿನ ಎರಡೂ ಬದಿಗೆ ಎರಡು ಕರಿ ಶಾಸನಗಳಿವೆ. ತಾಯ್‌ಜೋಂಗ್ ಮತ್ತು ಗಾವ್‌ಜೋಂಗ್ ಎಂಬ ಚಕ್ರವರ್ತಿಗಳು ಅವನ ಅನುವಾದಗಳಿಗೆ ಬರೆದ ಮುನ್ನುಡಿಗಳು ಅವು. ಎಲ್ಲರೂ ಅವನ್ನು ದಾಟಿ ಮೆಟ್ಟಿಲಿಗೆ ಓಡುತ್ತಾರೆ. ಅಪ್ಪಣೆ ಇಲ್ಲದೆ ಕದ್ದು ಹೋದವನಿಗೆ ರಾಜರೇ ಮುನ್ನುಡಿ ಬರೆದಿದ್ದಾರೆ. ಅದನ್ನೊಮ್ಮೆ ನೋಡಿ ಹತ್ತಿ.

ಕತ್ತಲಾದ ಮೇಲೆ ಗೋಪುರದ ದಕ್ಷಿಣಕ್ಕೆ ಟಾಂಗ್ ಕಾಲದ ವೇಷದ ಬೀದಿ ಇದೆ. ಪೂರ್ತಿ ಹೊಸದು, ದೀಪಗಳ ಜಾತ್ರೆ. ಬಾಡಿಗೆ ರೇಷ್ಮೆ ಉಡುಪು ಹಾಕಿ ಸಾವಿರಾರು ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನಕಲಿ ಅಂತ ಮೂಗು ಮುರಿಯಬೇಡಿ. ಒಂಟಿಯಾಗಿ ಬಂದವರನ್ನು ಕರೆದು ಫೋಟೋಗೆ ನಿಲ್ಲಿಸಿಕೊಳ್ಳುತ್ತಾರೆ. ಮೂರು ದಿನದಲ್ಲಿ ಜಾಸ್ತಿ ಜನರ ಜೊತೆ ಮಾತಾಡುವುದು ಇಲ್ಲೇ ಆಗಬಹುದು.

ಚಿಲ್ಲರೆ ವಿಷಯಗಳು

ಪೊಲೀಸ್ 110, ಆಂಬುಲೆನ್ಸ್ 120, ಅಗ್ನಿಶಾಮಕ 119. ಫೋನಿನಲ್ಲಿ ಬರೆದುಕೊಳ್ಳಿ. ರಾತ್ರಿ ಒಬ್ಬರೇ ಮೆಟ್ರೋದಲ್ಲಿ ಬರಲು ನನಗೆ ಎಲ್ಲೂ ಭಯ ಆಗಲಿಲ್ಲ. ಭಯಪಡಬೇಕಾದ್ದು ರಸ್ತೆ ದಾಟುವಾಗ. ಸದ್ದಿಲ್ಲದ ಎಲೆಕ್ಟ್ರಿಕ್ ಸ್ಕೂಟರ್‌ಗಳು ಫುಟ್‌ಪಾತಿನ ಮೇಲೂ ಬರುತ್ತವೆ. 'ಇಂಗ್ಲಿಷ್ ಮಾತಾಡೋಣ, ಟೀ ಕುಡಿಯೋಣ' ಅಂತ ತಾವಾಗಿಯೇ ಬಂದು ಕರೆಯುವವರ ಜೊತೆ ಅಂಗಡಿಯೊಳಗೆ ಹೋಗಬೇಡಿ. ಬಿಲ್ಲು ನೋಡಿ ತಲೆ ತಿರುಗುತ್ತದೆ.

ಸಾರ್ವಜನಿಕ ಶೌಚಾಲಯಗಳು ಎಲ್ಲೆಡೆ ಇವೆ, ಹೆಚ್ಚಾಗಿ ನಮ್ಮ ಥರದವೇ. ನೀರು ಮಾತ್ರ ಇರುವುದಿಲ್ಲ, ಕಾಗದವೂ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಜೇಬಲ್ಲಿ ಟಿಶ್ಯೂ, ಬ್ಯಾಗಲ್ಲಿ ಸಣ್ಣ ನೀರಿನ ಬಾಟಲಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗದು, ಅಡಾಪ್ಟರ್ ಒಯ್ಯಿರಿ. ವಿದ್ಯುತ್ 220 ವೋಲ್ಟ್, ಅದರ ಚಿಂತೆ ಇಲ್ಲ.

ಕೊನೆಯದು ಪವರ್ ಬ್ಯಾಂಕ್. ದಿನವಿಡೀ ಫೋನ್ ಉರಿಯುವ ಊರಲ್ಲಿ ಅದು ಬೇಕೇ ಬೇಕು. ಆದರೆ 2025ರ ಜೂನ್ 28ರಿಂದ, ಚೀನಾದ ಒಳನಾಡಿನ ವಿಮಾನಗಳಲ್ಲಿ '3ಸಿ' (ಚೀನಾದ ಸುರಕ್ಷತಾ ಪ್ರಮಾಣಪತ್ರ) ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವ ಹಾಗಿಲ್ಲ. ನಮ್ಮ ದೇಶದಲ್ಲಿ ಕೊಂಡವುಗಳಲ್ಲಿ ಆ ಗುರುತು ಇರುವುದು ಅಪರೂಪ. ಗ್ವಾಂಗ್‌ಜೌ ಅಥವಾ ಬೀಜಿಂಗ್ ಮೂಲಕ ವಿಮಾನದಲ್ಲಿ ವಾಪಸ್ ಬರುವವರು ಅಲ್ಲೇ ಒಂದು ಗುರುತಿರುವುದನ್ನು ಕೊಂಡುಕೊಳ್ಳಿ. ನನ್ನದು ಎರಡು ವರ್ಷ ಜೊತೆಗಿದ್ದದ್ದು, ತಪಾಸಣೆಯವರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಥದ್ದೇ ಇನ್ನೂ ಹತ್ತಿಪ್ಪತ್ತರ ಜೊತೆ ಶಿಯಾನ್‌ನಲ್ಲೇ ಉಳಿಯಿತು.